ಕಟಪಾಡಿಯ ಹುಡುಗಿಗೆ ಮದುವೆಯ ಜಾಗ ನೋಡಿದ್ದು

ಉಡುಪಿಯಿಂದ ಕಾರ್ಕಳದವರೆಗೆ, ಆ ಕಾಲದಲ್ಲಿ ನಾನು ಜಾಗ ನೋಡಿ "ಆಗಬಹುದು" ಅನ್ನದೆ ಒಂದೇ ಒಂದು ಮದುವೆ ನಡೆದದ್ದಿಲ್ಲ. ಸುಳ್ಳು ಅನ್ನುವವರು ಇದ್ದರೆ ಮುಂದೆ ಬರಲಿ. ಯಾರು ಬರುತ್ತಾರೆ? ಗೊತ್ತಿದ್ದವರೆಲ್ಲ ಮೇಲೆ ಹೋಗಿ ಆಯ್ತು.

ನನ್ನದು ಚಪ್ಪರ ಹಾಕುವ ಕೆಲಸ. ಶಾಲೆಗೆ ನಾನು ಹೋದದ್ದು ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕಲಿಕ್ಕೆ ಮಾತ್ರ. ಆದರೂ ಮದುವೆ ನಿಶ್ಚಯ ಆದ ಕೂಡಲೇ ಜನ ಮೊದಲು ಬರುತ್ತಿದ್ದದ್ದು ನನ್ನ ಮನೆಗೆ, ಆಮೇಲೆ ಭಟ್ಟರ ಮನೆಗೆ. ಹಾಗಾಗಿ ಮದುವೆಗೆ ಜಾಗ ನೋಡುವಾಗ ಏನೇನು ಆಗುತ್ತದೆ ಅಂತ ನನ್ನಲ್ಲೇ ಕೇಳಬೇಕು. ಒಂದೇ ಮದುವೆಯದ್ದು ಹೇಳುತ್ತೇನೆ, ಸಾಕು.

ಫ್ಯಾನೂ ಅಜ್ಜಿಯೂ

ಕಟಪಾಡಿಯ ಜಂಕ್ಷನ್‌ನಲ್ಲಿ ನನ್ನ ಗೆಳೆಯನದ್ದೊಂದು ಜವಳಿ ಅಂಗಡಿ ಇತ್ತು. ಅವನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಮಗು, ಸಾಕಿದ್ದು ಅಜ್ಜಿ, ಗೆಳೆಯನ ತಾಯಿ. ಕಾರ್ಕಳದಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ. ಎಲ್ಲ ಸರಿ, ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಸೋದರಮಾವನದ್ದು. ಅವರಿಗೆ ಬೊಂಬಾಯಿಯಲ್ಲಿ ಹೋಟೆಲು.

"ನನ್ನದೊಂದೇ ಮಾತು," ಅಂದರು ಮಾವ. "ಮದುವೆಯ ಜಾಗದಲ್ಲಿ ತಲೆಯ ಮೇಲೆ ಫ್ಯಾನ್ ತಿರುಗಬೇಕು. ನನಗೆ ಸೆಕೆ ತಡೆಯಲಿಕ್ಕೆ ಆಗುವುದಿಲ್ಲ. ನಿಮ್ಮಲ್ಲಿ ಅಂಥ ಜಾಗ ಸಿಗದಿದ್ದರೆ ಕಾರ್ಕಳದಲ್ಲಿ ನಮ್ಮ ಅಂಗಳ ಉಂಟು. ಅಲ್ಲೇ ಮಾಡುವ."

ಇತ್ತ ಅಜ್ಜಿಯದ್ದೂ ಒಂದೇ ಮಾತು. "ಮೊಮ್ಮಗಳಿಗೆ ಧಾರೆ ಎರೆಯುವ ಗಿಂಡಿಗೆ ನನ್ನ ಕೈ ಮುಟ್ಟಬೇಕು."

ಅದರಲ್ಲಿ ಕಷ್ಟ ಎಂತ ಅಂತ ನೀವು ಕೇಳಬಹುದು. ಅಜ್ಜಿಗೆ ಗಾಡಿ ಹತ್ತಿದರೆ ವಾಂತಿ. ಬಸ್ಸು ಬೇಡ, ಕಾರು ಬೇಡ, ಎತ್ತಿನ ಗಾಡಿಯೂ ಬೇಡ. ಕ್ಯಾಲೆಂಡರಿನಲ್ಲಿ ಬಸ್ಸಿನ ಚಿತ್ರ ಕಂಡರೂ ಲಿಂಬೆಹುಳಿ ಕೇಳುವ ಹೆಂಗಸು. ಮೊಣಗಂಟು ಹೋಗಿ ನಡೆಯಲಿಕ್ಕೂ ಆಗುವುದಿಲ್ಲ. ಮದುವೆ ಕಾರ್ಕಳಕ್ಕೆ ಹೋದರೆ ಸಾಕಿದ ಅಜ್ಜಿ ಮನೆಯಲ್ಲೇ ಬಾಕಿ.

ಗೆಳೆಯ ನನ್ನ ಜಗಲಿಯಲ್ಲಿ ತಲೆಗೆ ಕೈಕೊಟ್ಟು ಕೂತ.

"ಹೆದರಬೇಡ ಮಾರಾಯ," ಅಂದೆ. "ಹತ್ತಿರದಲ್ಲಿ ಫ್ಯಾನ್ ಇರುವ ಜಾಗ ಹುಡುಕುವ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಅಡಿಕೆ ಮರದ ಕಂಬ ಕಟ್ಟಿ, ನನ್ನ ಜನ ಹೊತ್ತು ತರುತ್ತಾರೆ."

ಒಳಗಿನಿಂದ ನನ್ನ ಹೆಂಡತಿ ಹೇಳಿದಳು, "ಬದುಕಿರುವಾಗಲೇ?"

ಮಣಿಪಾಲದ ಏರು

ಮಣಿಪಾಲದಲ್ಲಿ ಹೊಸ ಹಾಲ್ ಒಂದು ಆಗಿತ್ತು. ಫ್ಯಾನುಗಳು ಸಾಲಾಗಿ ಉಂಟು ಅಂತ ಸುದ್ದಿ. ಆದರೆ ಆ ಏರಿನಲ್ಲಿ ಕುರ್ಚಿ ಹೋಗಬಹುದಾ? ಅಜ್ಜಿಯನ್ನೇ ಹೊತ್ತು ನೋಡಲಿಕ್ಕಾಗುವುದಿಲ್ಲವಲ್ಲ. ಅದಕ್ಕೆ ಗೆಳೆಯನನ್ನೇ ಕೂರಿಸಿದೆವು. ತಾಯಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ?

ಅವನು ಅಜ್ಜಿಯ ಮೂರು ಪಾಲು ತೂಕ. ನನ್ನ ಜನಕ್ಕೆ ಅರ್ಧ ದಾರಿಯಲ್ಲೇ ನಾಲಿಗೆ ಹೊರಗೆ ಬಂತು. ಕುರ್ಚಿ ಹಿಂದಕ್ಕೆ ವಾಲಿ, ಇವನ ಮುಖ ಆಕಾಶಕ್ಕೆ, ಕಾಲು ಅದಕ್ಕಿಂತ ಮೇಲೆ. ಹೆದರಿಕೆಗೆ ಕಣ್ಣು ಮುಚ್ಚಿ "ಅಯ್ಯೋ, ಅಯ್ಯೋ" ಅನ್ನುತ್ತಿದ್ದಾನೆ.

ಡಾಕ್ಟರಿಕೆ ಕಲಿಯುವ ಹುಡುಗರು ಎದುರಾದರು. ಪಾಪ, ಒಳ್ಳೆಯವರು. ಓಡಿ ಬಂದು ಕಂಬಕ್ಕೆ ಹೆಗಲು ಕೊಟ್ಟರು. ಕುರ್ಚಿ ನೆಟ್ಟಗೆ ಆಸ್ಪತ್ರೆಯ ಕಡೆ ತಿರುಗಿತು.

"ಆ ಕಡೆ ಅಲ್ಲ, ಆ ಕಡೆ ಅಲ್ಲ!" ಅಂತ ನಾನು ಬೊಬ್ಬೆ ಹಾಕಿದೆ.

ಅವರಲ್ಲಿ ಒಬ್ಬ ಗೆಳೆಯನ ನಾಡಿ ಹಿಡಿದು ಗಂಭೀರವಾಗಿ ಕೇಳಿದ. "ಇವರಿಗೆ ಎಂತ ತೊಂದರೆ?"

"ಮಗಳ ಮದುವೆ," ಅಂದೆ.

ಅವನು ನಿಧಾನಕ್ಕೆ ಕೈ ಬಿಟ್ಟ. "ಹಾಗಾದರೆ ನಮ್ಮಲ್ಲಿ ಮದ್ದಿಲ್ಲ."

ಉಡುಪಿಯ ಬೆಲ್ಲ ನೀರು

ಏರು ಬೇಡ ಅಂತ ಉಡುಪಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಾಲ್. ಅವತ್ತು ಅಲ್ಲಿ ಬೇರೆಯವರ ಮದುವೆ. ಒಳ್ಳೆಯದೇ ಆಯ್ತು, ಮದುವೆ ನಡೆಯುವಾಗಲೇ ಜಾಗದ ಗುಣ ತಿಳಿಯುವುದು.

ನಾನು ಸುಮ್ಮನೆ ಹೋಗುವವನಲ್ಲ. ಬಿಳಿ ಪಂಚೆ, ಹೆಗಲಿಗೆ ಜರಿ ಶಾಲು, ಕೈಯಲ್ಲಿ ಕೊಡೆ. ಗೇಟಿನಲ್ಲಿ ಕಾಲಿಟ್ಟದ್ದೇ ತಡ, ವಾದ್ಯ ಶುರು! ಹೆಣ್ಣಿನ ಕಡೆಯವರು ತಟ್ಟೆ ಹಿಡಿದು ಓಡಿ ಬಂದರು. ದಿಬ್ಬಣದ ಮುಂದೆ ಬರುವ ಹುಡುಗನ ಸೋದರಮಾವ ನಾನೇ ಅಂತ ಅವರ ಲೆಕ್ಕ. ಬೆಲ್ಲ ಕೊಟ್ಟರು, ನೀರು ಕೊಟ್ಟರು, ಕಾಲಿಗೆ ನೀರು ಹೊಯ್ದರು. ಒಬ್ಬರು ಕೊಡೆ ತೆಗೆದುಕೊಂಡರು, ಇನ್ನೊಬ್ಬರು ಬೀಸಣಿಗೆ ಹಿಡಿದರು. ಮರ್ಯಾದೆ ಕೊಡುವಾಗ ಬೇಡ ಅಂದರೆ ಅವರಿಗೆ ಬೇಸರ ಆಗುವುದಿಲ್ಲವಾ? ನಾನು ಆಶೀರ್ವಾದ ಮಾಡುತ್ತಾ ಒಳಗೆ ನಡೆದೆ. ಎದುರಿನ ಸಾಲಿನಲ್ಲಿ ಕೂರಿಸಿ ಲೋಟದಲ್ಲಿ ಪಾಯಸ ಕೊಟ್ಟರು.

ಆಗ ನಿಜವಾದ ದಿಬ್ಬಣ ಬಂತು. ವಾದ್ಯದವರು ಚಹಾಕ್ಕೆ ಹೋಗಿದ್ದರು. ಬೆಲ್ಲದ ತಟ್ಟೆ ಖಾಲಿ. ನಿಜವಾದ ಸೋದರಮಾವ ಕೆಂಡವಾಗಿ ನನ್ನ ಎದುರು ಬಂದು ನಿಂತರು.

"ಯಾರು ನೀವು?"

"ನಾನು ಹಾಲ್ ನೋಡಲಿಕ್ಕೆ ಬಂದವ."

"ನೋಡಿ ಆಯ್ತಾ?"

"ಇಲ್ಲ," ಅಂದೆ. "ಈಗ ಪಾಯಸ ಮಾತ್ರ ಆಯ್ತು."

ಹಾಲ್ ಒಳ್ಳೆಯದೇ, ಫ್ಯಾನೂ ಉಂಟು. ಆದರೆ ಇನ್ನೊಮ್ಮೆ ಆ ಗೇಟಿನ ಹತ್ತಿರ ಹೋಗುವ ಧೈರ್ಯ ಗೆಳೆಯನಿಗೆ ಬರಲಿಲ್ಲ.

ಕಾಪುವಿನ ಫ್ಯಾನ್

ಉಳಿದದ್ದು ಕಾಪು. ಕಡಲ ಹತ್ತಿರ ಒಂದು ಶಾಲೆ, ಬೇಸಿಗೆ ರಜೆಯಲ್ಲಿ ಖಾಲಿ. ಕಟಪಾಡಿಯಿಂದ ಕುರ್ಚಿ ಹೊರಲಿಕ್ಕೆ ಸಮತಟ್ಟು ದಾರಿ. ಹೆಡ್‌ಮಾಸ್ತರರು ಬಹಳ ಸಂತೋಷದಿಂದ ಬಾಗಿಲು ತೆಗೆದರು. ನೋಡುತ್ತೇವೆ, ಅವರ ಕೋಣೆಯಲ್ಲಿ ಫಳಫಳ ಹೊಳೆಯುವ ಫ್ಯಾನ್ ತಿರುಗುತ್ತಾ ಉಂಟು!

ಗೆಳೆಯನ ಮುಖ ಅರಳಿತು. "ಮಾವನವರನ್ನು ಇಲ್ಲೇ ಕೂರಿಸುವ. ಮಾಸ್ತರ್ರೇ, ಇದನ್ನು ಸ್ವಲ್ಪ ಜೋರು ಮಾಡಿ ನೋಡುವನಾ?"

"ಅದು ನನ್ನ ಕೈಯಲ್ಲಿಲ್ಲ," ಅಂದರು ಮಾಸ್ತರರು.

"ಸ್ವಿಚ್ ಎಲ್ಲಿ?"

"ಸ್ವಿಚ್ ಇಲ್ಲ. ಫ್ಯಾನ್ ದಾನ ಬಂದದ್ದು. ಕರೆಂಟು ಇನ್ನು ಬರಬೇಕು."

"ಮತ್ತೆ ತಿರುಗುವುದು ಹೇಗೆ?"

ಮಾಸ್ತರರು ಎದ್ದು ಹೋಗಿ ಕಿಟಕಿ ಮುಚ್ಚಿದರು. ಫ್ಯಾನ್ ನಿಂತಿತು. ತೆಗೆದರು. ಕಡಲ ಗಾಳಿ ನುಗ್ಗಿತು, ಫ್ಯಾನ್ ಮತ್ತೆ ಗಿರಗಿರ ಶುರು.

"ಈ ಇಡೀ ಊರಿನಲ್ಲಿ," ಅಂದರು ಮಾಸ್ತರರು ಹೆಮ್ಮೆಯಿಂದ, "ಗಾಳಿ ತಿನ್ನುವ ಫ್ಯಾನ್ ನಮ್ಮದೊಂದೇ."

ಕಾರ್ಕಳದ ಪಂಥ

ಇನ್ನು ಜಾಗ ಇಲ್ಲ. ಹಿರಿಯಡ್ಕ ದಾರಿಯ ಬಸ್ಸು ಹಿಡಿದು ಕಾರ್ಕಳಕ್ಕೆ ಹೋದೆವು. ಅಲ್ಲಿ ಮಾವನ ಎದುರು ಕೂತ ಗೆಳೆಯ, "ನಿಮ್ಮ ಅಂಗಳದಲ್ಲೇ ಆಗಲಿ" ಅಂತ ಹೇಳಲಿಕ್ಕೆ ಹೊರಟ. ಹೇಳಲಿಕ್ಕಾಗಲಿಲ್ಲ.

ನನಗೆ ತಡೆಯಲಿಲ್ಲ. "ಧಣಿಗಳೇ," ಅಂದೆ, "ಮದುವೆ ಕಟಪಾಡಿಯಲ್ಲಿ, ಹುಡುಗಿಯ ಮನೆಯ ಅಂಗಳದಲ್ಲೇ. ಕರೆಂಟು ಬೇಡದ ಫ್ಯಾನ್ ಹಾಕುತ್ತೇನೆ. ನಿಮಗೆ ಒಂದು ಹನಿ ಬೆವರು ಬಂದರೆ ನಾನು ಚಪ್ಪರದ ಕೆಲಸ ಬಿಟ್ಟೆ."

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೆವರು ಬಂದರೆ ದಿಬ್ಬಣ ತಿರುಗಿಸಿ, ಮದುಮಗಳನ್ನೂ ಕರಕೊಂಡು ಇಲ್ಲಿಗೇ ಬರುತ್ತೇನೆ. ಆಗಬಹುದಾ?"

"ಆಗಬಹುದು," ಅಂದೆ. ಗೆಳೆಯ ಮೇಜಿನ ಅಡಿಯಲ್ಲಿ ನನ್ನ ಕಾಲು ಮೆಟ್ಟಿದ್ದು ಇವತ್ತಿಗೂ ನೋಯುತ್ತದೆ.

ಧಾರೆಯ ದಿವಸ

ಚಪ್ಪರದ ನಡುವೆ, ಹಂದರಕ್ಕೆ ಹೆಣೆದ ಎರಡು ದೊಡ್ಡ ತೆಂಗಿನ ಮಡಲು ತೂಗು ಹಾಕಿದೆ. ಬಾವಿಯ ರಾಟೆ ಬಿಚ್ಚಿ ತಂದು ಕಂಬಕ್ಕೆ ಬಿಗಿದು, ಅದರ ಮೇಲೆ ಹಗ್ಗ ಹಾಯಿಸಿದೆ. ಹಗ್ಗ ಎಳೆದರೆ ಮಡಲು ಬೀಸುತ್ತದೆ, ಬಿಟ್ಟರೆ ವಾಪಸು ಬರುತ್ತದೆ. ಬೇರೆಯವರಿಗೆ ಕೊಟ್ಟರೆ ಕೆಡಿಸುತ್ತಾರೆ ಅಂತ ಹಗ್ಗ ನಾನೇ ಹಿಡಿದು ಕಂಬಕ್ಕೆ ಒರಗಿ ಕೂತೆ.

ದಿಬ್ಬಣ ಬಂತು. ಮಾವ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತು ಮೇಲೆ ನೋಡಿದರು. ನಾನು ಎಳೆದೆ. ಎಂಥ ಗಾಳಿ ಅಂತೀರಿ! ಹೆಂಗಸರ ಮುಡಿಯ ಮಲ್ಲಿಗೆ ಎದ್ದು ಹೋಗಿ ಗಂಡಸರ ತಲೆಯ ಮೇಲೆ ಕೂತಿತು. ಭಟ್ಟರ ಮಂತ್ರ ಮುಂದಿನ ಮನೆಯವರಿಗೆ ಮೊದಲು ಕೇಳಿಸಿತು. ಕಾಪುವಿನ ದೀಪಸ್ತಂಭದ ದೀಪ ಕೂಡ ಎರಡು ಸಲ ಮಿಣುಕಿತು ಅಂತ ಕಡಲಿಗೆ ಹೋದವರು ಹೇಳಿದ್ದುಂಟು. ಮಾವ ಶಾಲು ಹೊದ್ದುಕೊಂಡರು. ಹಾಗೇ ಕಣ್ಣು ಮುಚ್ಚಿದರು. ಗೊರಕೆ! ಧಾರೆಯ ಹೊತ್ತಿಗೆ ಅಜ್ಜಿಯನ್ನು ಹಿಡಿದೆಬ್ಬಿಸಿದರು, ಗಿಂಡಿಗೆ ಅಜ್ಜಿಯ ಕೈ ಮುಟ್ಟಿತು, ನೀರು ಬಿತ್ತು, ಮಾವನಿಗೆ ಗೊತ್ತೇ ಇಲ್ಲ. ಬೆವರುವುದು ಹೋಗಲಿ, ಅವರಿಗೆ ಎಚ್ಚರ ಆದದ್ದೇ ಊಟದ ಎಲೆ ಹಾಕಿದ ಮೇಲೆ.

ಇಷ್ಟು ಹೇಳಿ ನಾನು ಎಲೆಯಡಿಕೆ ಬಾಯಿಗೆ ಹಾಕಿದೆ. ಕಥೆ ಕೇಳಲಿಕ್ಕೆ ನನ್ನ ಜಗಲಿಯಲ್ಲಿ ಕೂತವರೆಲ್ಲ ನಗುತ್ತಿದ್ದರು. ಆಗ ನನ್ನ ಸೊಸೆಯನ್ನು ಮಾತಾಡಿಸಿ ಒಳಗಿನಿಂದ ಒಬ್ಬಳು ಹೊರಗೆ ಬಂದಳು. ತಲೆ ಪೂರ್ತಿ ಬಿಳಿ. ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು ಅಂತ ಕಾಣುತ್ತದೆ. ಅದೇ ಹುಡುಗಿ, ಅವತ್ತಿನ ಮದುಮಗಳು.

"ಮಾಮ," ಅಂದಳು, "ನಿದ್ದೆ ಮಾಡಿದ್ದು ಮಾವನವರಲ್ಲ, ನೀವು. ಎರಡು ಸಲ ಎಳೆದು ಕಂಬಕ್ಕೆ ಒರಗಿದವರು ಹಾಗೇ ಗೊರಕೆ. ಅಜ್ಜಿ ಸೆಕೆಗೆ ಸೆರಗು ಬೀಸಿಕೊಳ್ಳುವುದು ನೋಡಿ, ಮಾವನವರೇ ಎದ್ದು ಬಂದು ನಿಮ್ಮ ಕೈಯಿಂದ ಹಗ್ಗ ಬಿಡಿಸಿಕೊಂಡರು. ಧಾರೆ ಮುಗಿಯುವವರೆಗೂ ಎಳೆದರು. ಅವರ ರೇಷ್ಮೆ ಅಂಗಿ ಹಿಂಡಿದರೆ ಒಂದು ಕೊಡ ನೀರು ಬರುತ್ತಿತ್ತು. ಮಂಟಪದಲ್ಲಿ ಕೂತು ನಾನೇ ನೋಡಿದ್ದು."

ಜಗಲಿ ತುಂಬಾ ನಗು. ಎಲ್ಲರ ಕಣ್ಣೂ ನನ್ನ ಮೇಲೆ.

ನಾನು ಹೆಗಲು ಕುಣಿಸಿದೆ.

"ಇರಬಹುದು ಮಗಾ. ಆದರೆ ನೀನೇ ಹೇಳು, ಜಾಗ ಅಷ್ಟು ಒಳ್ಳೆಯದಲ್ಲದಿದ್ದರೆ ನನಗೆ ಅಂಥ ನಿದ್ದೆ ಬರುತ್ತಿತ್ತಾ?"