ಒಂಟಿಸಾಲು ಬಿಡಿಸಿದ ಸಾಲು

ತಾಪತ್ರಯಕ್ಕೆಲ್ಲ ಮೂಲ ಒಂದೇ ಒಂದು ಸಾಲು ಕಂಪ್ಯೂಟರ್ ಕೋಡ್. ಎಂಥ ದೊಡ್ಡ ಲೆಕ್ಕವನ್ನೂ ಒಂದೇ ಸಾಲಿಗೆ ತುರುಕುತ್ತಿದ್ದ ಮಹಾಶಯನಿಗೆ ಆಫೀಸಿನವರು ಒಂಟಿಸಾಲು ಎಂದೇ ಹೆಸರಿಟ್ಟಿದ್ದರು. ಆ ಸಾಲು ಪರದೆಯ ಬಲಗಡೆ ದಾಟಿ ಎಲ್ಲಿಗೆ ಹೋಗುತ್ತಿತ್ತೋ, ಅವನೊಬ್ಬನಿಗೇ ಗೊತ್ತು. ಅವನ ಅನ್ನದ ದಾರಿಯೂ ಅದೇ.

ಅವತ್ತು ಸಂಜೆ ಐದಕ್ಕೆ, ಕೆಲಸದಿಂದ ತೆಗೆಯುವ ಹನ್ನೆರಡು ಜನರ ಪಟ್ಟಿ ಹೊರಬೀಳಬೇಕಿತ್ತು. ಅದನ್ನು ತಯಾರಿಸುವುದು ಇವನ ಸಾಲೇ. ಎಂಟು ತಿಂಗಳ ಬಸುರಿ ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಕೆಲಸ ಕಳ್ಕೊಂಡು ಮಾತ್ರ ಬರ್ಬೇಡಿ" ಎಂದಿದ್ದಳು. ಅವನು ನಕ್ಕಿದ್ದ. ಪಾಪ, ಅದೇ ಕೊನೆಯ ನಗು.

ಹತ್ತಕ್ಕೆ ಮ್ಯಾನೇಜರು ಕರೆದರು. ನನ್ನನ್ನೇ ಏಕೆ ತೆಗೆದಿರಿ ಎಂದು ನಾಳೆ ಯಾರಾದರೂ ಜಗಳಕ್ಕೆ ನಿಂತರೆ ತೋರಿಸಲು ಏನಾದರೂ ಬೇಕಲ್ಲ. ಸಾಲನ್ನು ಬಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ ಎಂದರು.

ಬಿಡಿಸಲು ಕೂತ. ಪಕ್ಕದ ಕುರ್ಚಿಯ, ಕೋಡಿನ ತಪ್ಪು ಹುಡುಕುವ ಟೆಸ್ಟರ್ ಅಕ್ಕನಿಗೆ ಬೇರೆಯವರ ಪರದೆ ಇಣುಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಮೆಟ್ಟಿಲುಗಳಿಗೆ ಅ, ಆ, ಇ ಎಂದು ಹೆಸರಿಟ್ಟದ್ದು ನೋಡಿ ಅವಳಿಗೆ ಮೈ ಉರಿಯಿತು.

"ಮನುಷ್ಯರಿಗೆ ಅರ್ಥ ಆಗೋ ಹೆಸರಿಡಪ್ಪ" ಎಂದು ತಾನೇ ಹೇಳಿಕೊಟ್ಟಳು. ಮೊದಲನೆಯದು 'ರಜೆ ಜಾಸ್ತಿ ಹಾಕಿದವರು'. ಎರಡನೆಯದು 'ಬದಲಿ ಸಿಗುವವರು'. ಎರಡರಲ್ಲೂ ಇದ್ದವರು 'ಮನೆಗೆ'.

ಮೊದಲನೆಯದರಲ್ಲಿ ಅವನ ಹೆಸರೂ ಇತ್ತು. ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ದ ರಜೆಗಳು. ಎರಡನೆಯದರಲ್ಲಿ ಇರಲಿಲ್ಲ, ಅವನ ಸಾಲು ಬೇರೆ ಯಾರಿಗೆ ಅರ್ಥವಾಗಬೇಕು? ಉಸಿರು ಬಂತು. ಆದರೆ ಅಕ್ಕನ ಹೆಸರು ಎರಡರಲ್ಲೂ ಇತ್ತು.

ಅಕ್ಕ ಓದಿಕೊಂಡಳು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಬೆರಳಿಟ್ಟಳು. "ನಮ್ಮಮ್ಮ ತೀರ್ಕೊಂಡಿದ್ದು ಹೋದ ವರ್ಷ. ಆ ರಜೆ ಇಲ್ಯಾಕೆ ಬಂತು?"

ನಿಜ. ಈ ವರ್ಷದ್ದನ್ನಷ್ಟೇ ಎಣಿಸಬೇಕಿದ್ದ ಉದ್ದ ಸಾಲಿನ ಹೊಟ್ಟೆಯೊಳಗೆ ಹಳೆಯ ವರ್ಷದ ರಜೆಯೂ ಸೇರಿಕೊಂಡಿತ್ತು. ಅವನು ಸರಿಮಾಡಿದ. ಅಕ್ಕ ಉಳಿದಳು. ಒಬ್ಬರ ಜೀವ ಉಳಿಸಿದೆನಲ್ಲ ಎಂದು ಅವನ ಕಣ್ಣು ತುಂಬಿತು.

ನಾಲ್ಕೂವರೆಗೆ ಮ್ಯಾನೇಜರು ಬಂದು ಓದಿದರು. ತಲೆದೂಗಿದರು. ನನಗೂ ಅರ್ಥವಾಗುವ ಹಾಗಿದೆ ಎಂದರು. ಆಮೇಲೆ ಎಣಿಸಿದರು: ಹನ್ನೊಂದೇ ಜನ. ಅಕ್ಕನ ಕಡೆ ತಿರುಗಿ, ಇದನ್ನು ನಿಮಗೆ ನೋಡಿಕೊಳ್ಳಲು ಬರುತ್ತದೆಯೇ ಎಂದು ಕೇಳಿದರು.

ಅಕ್ಕ ಕೃತಜ್ಞತೆಯಿಂದ ಕರಗಿಹೋಗಿದ್ದಳು. "ಕಣ್ಣು ಮುಚ್ಕೊಂಡು ನೋಡ್ಕೋತೀನಿ ಸಾರ್. ಅಷ್ಟು ಚೆನ್ನಾಗಿ ಬರ್ದಿದ್ದಾನೆ."

ಮ್ಯಾನೇಜರು ಅವನ ಹೆಸರಿನ ಮುಂದೆ 'ಬದಲಿ ಇಲ್ಲ' ಎಂದಿದ್ದನ್ನು 'ಇದೆ' ಎಂದು ತಿದ್ದಿ, ಕೋಡನ್ನು ಇನ್ನೊಂದು ಸಲ ಓಡಿಸಿ ಎಂದರು. ಓಡಿಸಿದ. ಸರಿಯಾಗಿ ಹನ್ನೆರಡು.

ನನ್ನನ್ನೇ ಏಕೆ ಎಂದು ಜಗಳಕ್ಕೆ ನಿಲ್ಲುವ ಹಾಗೂ ಇರಲಿಲ್ಲ. ಉತ್ತರವನ್ನು ಬಿಡಿಸಿ ಬರೆದಿಟ್ಟವನು ಅವನೇ.