ಲೈಸೆನ್ಸಿಲ್ಲದ ಆದರ್ಶ ತಾಯಿ

ಮಕ್ಕಳಿಗೆ ಆದರ್ಶವಾಗಬೇಕೆಂದು ಹಟ ತೊಟ್ಟು ಹೊರಟವರ ಗತಿ ಏನಾಗುತ್ತದೋ ನನಗೆ ಗೊತ್ತಿಲ್ಲ. ನಾನಂತೂ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿ ಆದರ್ಶ ತಾಯಿಯಾದವಳು. ಕುವೈತಿನಲ್ಲಿ ಲೈಸೆನ್ಸ್ ಪಡೆಯುವುದು ಎಷ್ಟು ಕಷ್ಟವೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಇಲ್ಲಿಲ್ಲದವರು ದಯವಿಟ್ಟು ನಂಬಿಬಿಡಿ, ನನ್ನ ಮಾನ ಉಳಿಯುತ್ತದೆ. ಮೊದಲ ಸಲ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿದೆ. ಎರಡನೇ ಸಲ ದಿಬ್ಬದ ಮೇಲೆ ನಿಲ್ಲಿಸಿದ ಕಾರು ತಾನಾಗಿಯೇ ಹಿಂದಕ್ಕೆ ಜಾರಿತು. ಮೂರನೇ ಸಲ ಇಂಡಿಕೇಟರ್ ಹಾಕಿ ಎಂದರೆ ವೈಪರ್ ಹಾಕಿದೆ. ಒಂದು ತುಂಡು ಮೋಡವೂ ಇಲ್ಲದ ಆಕಾಶದ ಕೆಳಗೆ ಅದು ಚರಕ್ ಚರಕ್ ಎಂದು ಗಾಜು ಒರೆಸುವುದನ್ನು ಪಕ್ಕದಲ್ಲಿ ಕೂತಿದ್ದ ಪೊಲೀಸಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ "ಖಲಾಸ್, ಸಿಸ್ಟರ್" ಎಂದು ಇಳಿದುಹೋದ.

ಇದನ್ನು ಮಗಳಿಗೆ ಹೇಳಲು ನಾಚಿಕೆ. ಮೇದಿನಿಗೆ ಆಗ ಆರು ವರ್ಷ. ನನ್ನವರು ಬೆಳಿಗ್ಗೆಯೇ ಕಾರು ತೆಗೆದುಕೊಂಡು ಶುವೈಖ್‌ನ ಗೋದಾಮಿಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಚಕ್ರವಿರುವ ವಸ್ತು ಎಂದರೆ ತರಕಾರಿ ತರುವ ಟ್ರಾಲಿ ಒಂದೇ. "ಅಮ್ಮಾ, ವೈ ಡೋಂಟ್ ಯೂ ಡ್ರೈವ್?" ಎಂದು ಮಗಳು ಕೇಳಿದಾಗ, "ನಡೆಯೋದ್ರಲ್ಲಿರೋ ಮಜಾ ಕಾರಲ್ಲಿ ಎಲ್ಲಿದೆ ಪುಟ್ಟಿ!" ಎಂದುಬಿಟ್ಟೆ. ಅಂದ ಮೇಲೆ ನಡೆಯಲೇಬೇಕಾಯಿತು. ಸಾಮಾನಿಗೆ ನಡಿಗೆ, ಜಾಬ್ರಿಯಾದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ನನ್ನ ಕೆಲಸ, ಅಲ್ಲಿಗೂ ನಡಿಗೆ, ಸಂಜೆ ಪಾರ್ಕಿಗೆ ನಡಿಗೆ. ಬೇಸಿಗೆಯಲ್ಲಿ ಸೂರ್ಯ ಏಳುವ ಮುಂಚೆಯೇ ಎದ್ದು ನಡಿಗೆ. ನಾನು ಉಸ್ಸೆಂದು ಬೆಂಚು ಹುಡುಕುವಷ್ಟರಲ್ಲಿ ಅವಳು ಪಾರ್ಕಿಗೆ ಒಂದು ಸುತ್ತು ಓಡಿ ಬಂದಿರುತ್ತಿದ್ದಳು. ಹನ್ನೆರಡು ತುಂಬುವ ಹೊತ್ತಿಗೆ ಈಜು, ಸೈಕಲ್ಲು, ಶಾಲೆಯ ಓಟದ ತಂಡ ಎಲ್ಲವೂ ಆಯಿತು. ಬಿಲ್ಡಿಂಗಿನ ಉಳಿದ ಮಕ್ಕಳು ಮೊಬೈಲ್ ಹಿಡಿದು ಸೋಫಾದಲ್ಲಿ ಬಿದ್ದಿರುವಾಗ ನನ್ನ ಮಗಳು ಬೆವರಿಳಿಸಿಕೊಂಡು ಮನೆಗೆ ಬರುವುದನ್ನು ನೋಡಿ ನನಗೆ ಎಲ್ಲಿಲ್ಲದ ಹೆಮ್ಮೆ.

ಫಜೀತಿ ಶುರುವಾದದ್ದು ಈ ಚಳಿಗಾಲದಲ್ಲಿ. ಶಾಲೆಯ ಪಿ.ಟಿ. ಟೀಚರ್ ಫೋನ್ ಮಾಡಿದರು. ನಾನು ತತ್ವಕ್ಕಾಗಿ ಕಾರು ಮುಟ್ಟುವುದಿಲ್ಲವೆಂದು ಮೇದಿನಿ ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳಂತೆ. ಗುರುವಾರ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕಂತೆ. ನಾನು ಮಗಳಿಗೆ ತಿಳಿಯದ ಹಾಗೆ ನಾಲ್ಕನೇ ಸಲ ಟೆಸ್ಟಿಗೆ ಹೋಗಿ ಪಾಸಾಗಿದ್ದದ್ದು ಅದೇ ವಾರ! ಲೈಸೆನ್ಸು ಬ್ಯಾಗಿನಲ್ಲಿ ಕರ್ಚೀಫಿನೊಳಗೆ ಅಡಗಿತ್ತು.

"ನಿಜ ಹೇಳಿಬಿಡು" ಎಂದರು ನನ್ನವರು.

"ಹೇಗ್ರೀ ಹೇಳ್ಲಿ? ಇಷ್ಟು ವರ್ಷ ಅಮ್ಮ ಸುಳ್ಳು ಹೇಳಿದ್ಲು ಅಂತ ಬೇಜಾರಾಗಿ ಓಡೋ ಶೂ ಮೂಲೆಗೆ ಎಸೆದ್ರೆ?"

"ಅದಕ್ಕೇ ನಾನು ಶೂ ಕೊಂಡೇ ಇಲ್ಲ ನೋಡು" ಎಂದು ಹೊಟ್ಟೆ ಸವರಿಕೊಂಡರು. ಈ ಮನುಷ್ಯನಿಂದ ಎಂದಾದರೂ ಸಲಹೆ ಸಿಕ್ಕಿದ್ದುಂಟೇ?

ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ ಮೈಕ್ ಮುಂದೆ ನಿಂತೆ. ಪರಿಸರ, ಆರೋಗ್ಯ, ಸರಳ ಜೀವನ ಎಂದೆಲ್ಲ ಎರಡು ಪುಟ ಬರೆದುಕೊಂಡು ಹೋಗಿದ್ದೆ. ಆದರೆ ಮೊದಲ ಸಾಲಿನಲ್ಲಿ ಮೇದಿನಿ ಬೆನ್ನು ನೆಟ್ಟಗೆ ಮಾಡಿ, 'ಇವಳು ನನ್ನಮ್ಮ' ಎಂಬ ಮುಖ ಹೊತ್ತು ಕೂತಿದ್ದಳು. ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಕಂಬ, ದಿಬ್ಬ, ವೈಪರ್, ಕರ್ಚೀಫಿನೊಳಗಿನ ಲೈಸೆನ್ಸು ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಟೀಚರ್ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮೇದಿನಿ ಮಾತ್ರ ನಗದೆ ತಲೆ ತಗ್ಗಿಸಿ ಕೂತಿದ್ದಳು.

ಗೇಟಿನ ಹೊರಗೆ, ಅಂದು ಗೋದಾಮಿನಿಂದ ಬೇಗ ಹೊರಟು ಬಂದಿದ್ದ ನನ್ನವರು ಕಾರಿಗೆ ಒರಗಿ ನಿಂತಿದ್ದರು. "ತಗೋ, ನೀನೇ ಓಡಿಸು" ಎಂದು ಕೀ ಕೊಟ್ಟರು. ಮೇದಿನಿ ಕೀಯನ್ನೂ ನನ್ನನ್ನೂ ನೋಡಿದಳು.

"ಸೋ, ನಿಂಗೆ ವಾಕಿಂಗ್ ಇಷ್ಟಾನೇ ಇರ್ಲಿಲ್ವಾ?"

"ಮೊದಮೊದಲು ಇರ್ಲಿಲ್ಲ ಪುಟ್ಟಿ. ನಿನ್ನ ಹಿಂದೆ ಬಂದೂ ಬಂದೂ ಇಷ್ಟ ಆಯ್ತು."

"ಓಕೆ. ಬಟ್ ನಂಗೆ ಫಸ್ಟಿಂದ ಇಷ್ಟ." ಅಷ್ಟೇ. ಅವಳ ಪಾಲಿಗೆ ವಿಚಾರಣೆ ಮುಗಿದಿತ್ತು. ಬಗ್ಗಿ ಲೇಸು ಬಿಗಿದುಕೊಂಡು, "ನೀನು ಕಾರಲ್ಲಿ ಬಾ. ಅಪ್ಪಾ, ನೀನು ನನ್ ಜೊತೆ ರನ್ನಿಂಗ್. ಲೆಟ್ಸ್ ಸೀ ಹೂ ವಿನ್ಸ್!" ಎಂದಳು. ನನ್ನವರು ತಮ್ಮ ಆಫೀಸಿನ ಬೂಟುಗಳನ್ನು ಕರುಣೆಯಿಂದ ನೋಡಿಕೊಂಡರು. ನನಗೆ ಕಣ್ಣು ತುಂಬಿಬಂತು, ನಗುವೂ ಬಂತು.

ಶಾಲೆ ಬಿಡುವ ಹೊತ್ತಿನ ಜಾಬ್ರಿಯಾ ರಸ್ತೆ ಹೇಗಿರುತ್ತದೆಂದು ನಡೆದು ಹೋಗುವವರಿಗೆ ಗೊತ್ತಾಗುವುದಿಲ್ಲ. ಮೊದಲ ಸಿಗ್ನಲ್ಲಿನಲ್ಲೇ ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡೆ. ಪಕ್ಕದ ಫುಟ್‌ಪಾತಿನಲ್ಲಿ ಜಡೆ ಹಾರಿಸಿಕೊಂಡು ಮಗಳು ಓಡಿಹೋದಳು. ಹಿಂದೆಯೇ ಟೈ ಹೆಗಲಿಗೇರಿಸಿಕೊಂಡು, ಏದುಸಿರು ಬಿಡುತ್ತ ಅವಳಪ್ಪ. ನಾನು ಹಾರ್ನ್ ಹೊಡೆದೆ. ಇಬ್ಬರೂ ತಿರುಗಿ ನೋಡಲಿಲ್ಲ. ಕಾರಿನೊಳಗೆ ನನ್ನ ಕಾಲುಗಳು ಚಡಪಡಿಸಿದವು. ಇಳಿದು ಅವರ ಜೊತೆ ಓಡಿಬಿಡೋಣ ಎನಿಸಿತು. ಆದರೆ ನಾಲ್ಕು ಸಲ ಪರೀಕ್ಷೆ ಮಾಡಿ ಸರ್ಕಾರ ಕೂರಿಸಿರುವ ಸೀಟು, ನಡುರಸ್ತೆಯಲ್ಲಿ ಬಿಟ್ಟು ಏಳುವ ಹಾಗಿಲ್ಲವಲ್ಲ!