ನಮ್ಮ ಪಡಸಾಲೆಗೆ ಬಂದ ಜಪಾನು

ನನ್ನ ಜ್ಞಾಪಕಶಕ್ತಿಯ ಬಗ್ಗೆ ಇಡೀ ಇಳಕಲ್ಲಿನಲ್ಲಿ ಒಬ್ಬರಿಗೆ ಅಪಾರ ಗೌರವವಿತ್ತು. ಆ ಒಬ್ಬರು ನಾನೇ! ಎಂಬತ್ತನಾಲ್ಕರ ಮಹಾನವಮಿಯ ಘಟ ಇಡುವುದಕ್ಕೆ ಎರಡು ದಿನ ಮುಂಚೆ ಆ ಒಬ್ಬರೂ ಕೈಬಿಟ್ಟರು. ಆ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆ.

ನಾನು ರಾಚಪ್ಪ. ಊರ ಹೊರಗಿನ ಕೆಂಪು ಕಲ್ಲಿನ ಖಣಿಯೊಂದರಲ್ಲಿ ಕಾರಕೂನ. ನಮ್ಮ ಕಲ್ಲು ಹಡಗು ಹತ್ತಿ ಜಪಾನಿಗೆ ಹೋಗುತ್ತಿತ್ತು. ನಾನು ಬಸ್ಸು ಹತ್ತಿ ಬಾಗಲಕೋಟೆ ದಾಟಿದವನಲ್ಲ. ಆ ವರ್ಷ ಮೊದಲ ಸಲ ಜಪಾನಿನ ಸಾಹೇಬರೇ ಕಲ್ಲು ಆರಿಸಲು ಬರುವವರಿದ್ದರು. ‘ದಿಮ್ಮಿಗಳ ಮೇಲೆ ನಮ್ಮ ಅಕ್ಷರದಲ್ಲಿ ಗುರುತು ಬರೆಯುತ್ತೇವೆ, ಓದಬಲ್ಲವರು ಒಬ್ಬರಿರಲಿ’ ಎಂದು ಪತ್ರ ಬಂತು. ಜೊತೆಗೆ ಅರವತ್ತು ಅಕ್ಷರಗಳನ್ನೂ ಅವುಗಳ ಇಂಗ್ಲಿಷ್ ಅರ್ಥವನ್ನೂ ಬರೆದ ಎರಡು ಹಾಳೆ.

ಮಾಲಕರು ಅಂದಪ್ಪನವರು ಹಾಳೆ ತಿರುಗಿಸಿ ಮುರುಗಿಸಿ ನೋಡಿದರು. “ಇದೇನೋ ರಾಚಪ್ಪ, ಗುಬ್ಬಿ ಗೂಡು ಕಿತ್ತು ಹಾಕಿದಾಂಗ ಐತೆಲ್ಲೋ!”

“ಹದಿನೈದು ದಿನ ಕೊಡ್ರಿ ಧಣಿ. ಅರವತ್ತೂ ಬಾಯಿಪಾಠ!”

“ಹಂಗ ಮಾಡಿದ್ರ ನಮ್ಮಪ್ಪ ಕುಂಡರತಿದ್ದ ಸಾಗವಾನಿ ಕುರ್ಚಿ ಐತೆಲ್ಲ, ಕೈ ಇದ್ದದ್ದು, ಅದನ್ನ ನಿನ್ನ ಮನಿಗೆ ಕಳಸ್ತೇನಿ.”

ಕೈ ಇರುವ ಕುರ್ಚಿ! ನಮ್ಮ ಓಣಿಯಲ್ಲಿ ಚಾಪೆ ಇತ್ತು, ಮಲಗುವ ಹೊರಸು ಇತ್ತು, ಮುರುಕು ಸ್ಟೂಲು ಇತ್ತು. ಕೈ ಇರುವ ಕುರ್ಚಿ ಯಾರ ಮನೆಯಲ್ಲೂ ಇರಲಿಲ್ಲ. ಆ ಕ್ಷಣದಿಂದ ನನ್ನ ಎರಡೂ ಮೊಣಕೈಗಳು ತಮ್ಮಷ್ಟಕ್ಕೆ ತಾವೇ ಗಾಳಿಯಲ್ಲಿ ಒರಗತೊಡಗಿದವು.

ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ, ರಟ್ಟು ಹರಿದುಹೋಗಿದ್ದ ನೆನಪಿನ ವಿದ್ಯೆಯ ಪುಸ್ತಕ. ಅದರ ಗುಟ್ಟು ಇಷ್ಟೆ. ನೆನಪಿಡಬೇಕಾದ ಒಂದೊಂದನ್ನೂ ಮನೆಯ ಒಂದೊಂದು ಸಾಮಾನಿಗೆ ಗಂಟುಹಾಕಬೇಕು. ಬೇಕಾದಾಗ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮನೆಯೊಳಗೆ ನಡೆದರೆ ಸಾಮಾನು ಕಾಣುತ್ತದೆ, ಸಾಮಾನಿನ ಜೊತೆ ಅಕ್ಷರದ ಅರ್ಥವೂ ಕಾಣುತ್ತದೆ. ಎಷ್ಟು ಸುಲಭ!

‘ಬೆಟ್ಟ’ದ ಅಕ್ಷರಕ್ಕೆ ಮೂರು ತಲೆ, ಅದು ನಮ್ಮ ಮೂರು ಗುಂಡಿನ ಒಲೆ. ‘ನದಿ’ಗೆ ಉದ್ದುದ್ದ ಮೂರು ಗೆರೆ, ಅದು ಹಗ್ಗದ ಮೇಲೆ ಒಣಗಿದ ನನ್ನ ಮೂರು ಧೋತರ. ‘ಕಣ್ಣಿ’ನ ಅಕ್ಷರ ಥೇಟ್ ನಮ್ಮ ಏಣಿ. ‘ಉತ್ತಮ’ ಎಂಬ ಅಕ್ಷರ ನೆಲದ ಮೇಲೆ ನೆಟ್ಟಗೆ ನಿಂತ ದೀಪದ ಕಂಬ. ನಮ್ಮ ಹಿತ್ತಾಳೆಯ ಕಂಬ ಪಡಸಾಲೆಯ ಕಟ್ಟೆಯ ಮೇಲಿತ್ತು. ಮೇಲಿದ್ದದ್ದು ಉತ್ತಮ! ‘ಬೇಡ, ಕೀಳು’ ಎಂಬುದು ಮೊಳೆಗೆ ನೇತುಹಾಕಿದ ಛತ್ರಿಯ ಹಾಗೆ. ನಮ್ಮ ಹರಕು ಛತ್ರಿ ಹೊರಸಿನ ಕೆಳಗೆ ಬಿದ್ದಿತ್ತು. ಕೆಳಗಿದ್ದದ್ದು ಕೀಳು! ಆಹಾ, ನಮ್ಮ ಮನೆಯನ್ನು ಜಪಾನಿನವರೇ ಕಟ್ಟಿಸಿದ್ದರೋ ಏನೋ!

ಪುಸ್ತಕದ ಷರತ್ತು ಒಂದೇ: ಸಾಮಾನು ಕದಲಬಾರದು. ಹೆಂಡತಿಗೆ ರಾಜಾಜ್ಞೆ ಹೊರಡಿಸಿದೆ.

ಗುರುಲಿಂಗವ್ವ ಸೊಂಟದ ಮೇಲೆ ಕೈ ಇಟ್ಟಳು. “ಮಾನೌಮಿ ಬಂತು. ಸುಣ್ಣಾ ಹಚ್ಚಬೇಕು, ಹಾಸಿಗಿ ಹೊಚ್ಚಿಗಿ ಹಳ್ಳಕ್ಕ ಒಯ್ದು ಒಗೀಬೇಕು, ಭಾಂಡೆ ತಿಕ್ಕಬೇಕು. ಸಾಮಾನು ಮುಟ್ಟಲಾರದ ಹೆಂಗ ಮಾಡ್ಲಿ?”

“ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ!”

“ಆ ಧೋತರಾನರ ತಗೀಲೇನ್ರಿ? ಎಂಟು ದಿನ ಆತು ಒಣಗಿ.”

“ತಗದ್ರ ನದಿ ಬತ್ತತೈತಿ!”

“ಮಳಿ ಬಂದ್ರ?”

“ಬರಲಿ, ನದಿ ತುಂಬತೈತಿ!”

ಅವಳು ಆಕಾಶ ನೋಡಿದಳು. ಮಳೆಗಾಗಿ ಅಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಶಾರವ್ವ ಬಂದಳು. “ಅಣ್ಣಾರ, ನಿಚ್ಚಣಿಕಿ ಕೊಡ್ರಿ. ಗ್ವಾಡಿಗೆ ಸುಣ್ಣಾ ಹಚ್ಚೂದೈತಿ.”

“ಅದು ನಿಚ್ಚಣಿಕಿ ಅಲ್ಲವ್ವಾ, ಕಣ್ಣು!”

ಶಾರವ್ವ ಏಣಿಯನ್ನು ನೋಡಿದಳು. ನನ್ನನ್ನು ನೋಡಿದಳು. “ಹೌದೇನ್ರಿ? ಹಂಗಾರ ಆ ಕಣ್ಣಾರ ಕೊಡ್ರಿ, ಹತ್ತಿ ಸುಣ್ಣಾ ಹಚ್ಚಿ ತಂದ ಕೊಡ್ತೇನಿ.”

“ಆಗೂದಿಲ್ಲ!”

ಹೋಗುತ್ತ ಶಾರವ್ವ ನನ್ನ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದಳು. ಪಿಸುಮಾತೇ, ಆದರೆ ಮೂರು ಮನೆಗೆ ಕೇಳಿಸಿತು. “ದವಾಖಾನಿಗೆ ತೋರಿಸೀರೇನ್ವಾ?”

ಹನ್ನೆರಡನೆಯ ದಿನಕ್ಕೆ ಅರವತ್ತೂ ಅಕ್ಷರಗಳು ಅಂಗೈಯಲ್ಲಿ! ಮಾಲಕರೆದುರು ಒಂದೂ ತಪ್ಪದೆ ಒಪ್ಪಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. “ಹಾಳಿ ನೋಡಿ ಓದೂದು ಹೇಡಿಗಳ ಕೆಲಸ ಧಣಿ!” ಎಂದು ಆ ಎರಡೂ ಹಾಳೆಗಳನ್ನು ಪರಪರ ಹರಿದು ಖಣಿಯ ತಗ್ಗಿಗೆ ತೂರಿದೆ. ಮಾಲಕರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮೆಚ್ಚಿಕೆಯಿಂದ ಎಂದುಕೊಂಡೆ!

ಸಂಜೆ ಮನೆಗೆ ಬಂದವನು ಹೊಸ್ತಿಲಲ್ಲೇ ಕಲ್ಲಾದೆ. ಗುರುಲಿಂಗವ್ವ ನಾನಿಲ್ಲದ ಹೊತ್ತು ನೋಡಿ ಇಡೀ ಜಪಾನನ್ನು ತೊಳೆದುಬಿಟ್ಟಿದ್ದಳು! ಗೋಡೆಗೆಲ್ಲ ಸುಣ್ಣ. ನದಿ ಮಡಿಚಿ ಟ್ರಂಕಿನೊಳಗೆ. ಕಣ್ಣು ಶಾರವ್ವನ ಮನೆಯಲ್ಲಿ. ಛತ್ರಿ ಮಾತ್ರ ಮೇಲಿನ ತೊಲೆಗೆ ಏರಿ ಜೋಲಿ ಹೊಡೆಯುತ್ತಿತ್ತು. ‘ಉತ್ತಮ’ ಎಲ್ಲಿ ಎಂದು ಹುಡುಕುತ್ತ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಹೊರಸಿನ ಕೆಳಗೆ ಅರಿವೆ ಸುತ್ತಿಟ್ಟಿದ್ದ ಹಿತ್ತಾಳೆಯ ಕಂಬಕ್ಕೆ ಹೆಬ್ಬೆರಳು ಬಡಿದು ನಕ್ಷತ್ರ ಕಂಡಿತು.

“ಯಾಕ ಮುಟ್ಟಿದಿ? ಯಾಕ ಮುಟ್ಟಿದಿ?”

“ಹೊಲಸು ಮನ್ಯಾಗ ಘಟ ಇಟ್ಟ್ರ ದೇವಿ ಒಪ್ಪತಾಳೇನ್ರಿ? ಆಕೀಗೆ ಜಪಾನಿ ಬರೂದಿಲ್ಲ!”

ಅಕ್ಷರಗಳು ನನ್ನ ತಲೆಯಲ್ಲಿವೆ, ಮನೆಯಲ್ಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ಮೂರು ದಿನ ದಿನಕ್ಕೆರಡು ಸಲ ಅದೇ ಕಂಬಕ್ಕೆ ಅದೇ ಹೆಬ್ಬೆರಳು ಎಡವುತ್ತ ಬಂದೆ.

ಸಾಹೇಬರು ಬಂದೇಬಂದರು. ಗಿಡ್ಡ ಆಳು, ಬಿಳಿ ಟೋಪಿ, ಮಾತು ಕಡಿಮೆ. ಹದಿನಾಲ್ಕು ದಿಮ್ಮಿಗಳನ್ನು ಸುತ್ತಿ, ಸಣ್ಣ ಸುತ್ತಿಗೆಯಿಂದ ಬಡಿದು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಅಕ್ಷರ ಬರೆದು, ಮಾಲಕರ ಜೊತೆ ಜೀಪು ಹತ್ತಿ ಕೂಡಲಸಂಗಮ ನೋಡಲು ಹೋದರು. ಅವರು ತಿರುಗಿ ಬರುವುದರೊಳಗೆ ನಾನು ಗುರುತು ಓದಿ ಆರಿಸಿದ ಕಲ್ಲು ಲಾರಿಗೆ ಹೇರಿಸಿರಬೇಕು.

ಒಂಬತ್ತು ದಿಮ್ಮಿಗಳ ಮೇಲೆ ದೀಪದ ಕಂಬ. ಐದರ ಮೇಲೆ ಛತ್ರಿ. ನಾನು ಯೋಗಿಯಂತೆ ಕಣ್ಣು ಮುಚ್ಚಿ ಮನೆಯೊಳಗೆ ನಡೆದೆ. ದೀಪದ ಕಂಬ ಎಲ್ಲಿ? ಅಯ್ಯೋ, ಹೆಬ್ಬೆರಳಿಗೇ ಗೊತ್ತು! ಹೊರಸಿನ ಕೆಳಗೆ! ಕೆಳಗಿದ್ದದ್ದು ಕೀಳು. ಛತ್ರಿ? ತೊಲೆಯ ಮೇಲೆ. ಮೇಲಿದ್ದದ್ದು ಉತ್ತಮ.

“ಛತ್ರಿ ಐದೂ ಹೇರ್ರಿ!” ಎಂದು ಗರ್ಜಿಸಿದೆ.

ಖಣಿಯ ಮುಕಾದಮ ಚಮನಸಾಬ ಅಲ್ಲಾಡಲಿಲ್ಲ. ಮೂವತ್ತು ವರ್ಷ ಕಲ್ಲು ಒಡೆಸಿದವನು. ಸುತ್ತಿಗೆಯಿಂದ ಒಂದು ದಿಮ್ಮಿಗೆ ಬಡಿದ. “ಕಾರಕೂನರ, ಕೇಳ್ರಿ. ಡಬ್ ಅಂತೈತಿ. ಒಳಗ ಸೀಳೈತ್ರಿ ಇದು.” ಇನ್ನೊಂದಕ್ಕೆ ಬಡಿದ. “ಇದು ನೋಡ್ರಿ, ಗಂಟಿ ಬಾರಿಸಿದಾಂಗ. ಇದನ್ನ ಬಿಟ್ಟು ಅದನ್ನ ಯಾರರ ಒಯ್ತಾರೇನ್ರಿ?”

“ಚಮನಸಾಬ, ಜಪಾನಿ ಕಲಿತಾಂವ ನೀನೋ ನಾನೋ?”

“ನೀವ ರಿ. ನಾ ಬರೇ ಕಲ್ಲು ಕಲ್ತೀನಿ.”

ಹೇರಿದರು. ಐದೂ ಸೀಳುಗಲ್ಲು ಲಾರಿಯ ಮೇಲೆ ರಾಜಗಾಂಭೀರ್ಯದಿಂದ ಕೂತವು.

ಇಳಿಹೊತ್ತಿಗೆ ಜೀಪು ಬಂತು. ಸಾಹೇಬರು ಲಾರಿಯನ್ನು ಮೂರು ಸುತ್ತು ಹಾಕಿ ನನ್ನೆದುರು ನಿಂತು ನಡು ಬಗ್ಗಿಸಿದರು. ಮೆಚ್ಚಿದರು ಎಂದು ನಾನೂ ಬಗ್ಗಿದೆ. ಅವರು ಇನ್ನೂ ಬಗ್ಗಿದರು. ನಾನು ಇನ್ನೂ! ಇಬ್ಬರ ತಲೆಯೂ ನೆಲ ಮುಟ್ಟುವ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಟೋಪಿ ಉರುಳಿಹೋಗುವಂತೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಚಮನಸಾಬನ ಸುತ್ತಿಗೆ ತೆಗೆದುಕೊಂಡು ಲಾರಿಯ ಮೇಲಿನ ಕಲ್ಲಿಗೆ ಬಡಿದರು. ಡಬ್! ಚಮನಸಾಬ ತಲೆಯಾಡಿಸಿದ. ಸಾಹೇಬರೂ ತಲೆಯಾಡಿಸಿದರು. ಬೆಳಗಿನಿಂದ ಇಬ್ಬರೂ ಒಂದೇ ಭಾಷೆ ಮಾತಾಡುತ್ತಿದ್ದರು. ನಡುವೆ ದುಭಾಷಿಯಾಗಿ ನಾನೊಬ್ಬ ಹೊಕ್ಕಿದ್ದೆ.

ನಗದೆ ಇದ್ದವರು ಮಾಲಕರು ಒಬ್ಬರೇ. “ರಾಚಪ್ಪ, ಆಫೀಸನ್ಯಾಗ ನಿನ್ನ ಸ್ಟೂಲು ಗಟ್ಟಿ ಐತಲ್ಲ?”

“ಐತ್ರಿ ಧಣಿ.”

“ಅದರ ಮ್ಯಾಲೇ ಕುಂಡ್ರು.” ಆಮೇಲೆ ತಿರುಗಿ, “ಚಮನಸಾಬ, ಆ ಕುರ್ಚಿ ನಿನ್ನ ಮನಿಗೆ ಕಳಸ್ತೇನಿ.”

ಕಲ್ಲು ಇಳಿಸಿ, ಸರಿಯಾದ ಕಲ್ಲು ಹೇರಿಸಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನನ್ನ ಸಿಟ್ಟೆಲ್ಲ ದಾರಿಯುದ್ದಕ್ಕೂ ಹೆಂಡತಿಯ ಮೇಲೆ ಬೆಳೆಯುತ್ತ ಬಂತು. ಬಾಗಿಲಲ್ಲೇ ಶುರು ಮಾಡಿದೆ.

“ತೊಳಿಯೂದು ತೊಳದಿ, ಬಿಡು. ತೊಳದ ಮ್ಯಾಲೆ ದೀಪದ ಕಂಬ ಇದ್ದ ಜಾಗಕ್ಕ ಇಡಾಕ ಏನಾಗಿತ್ತು? ಕಟ್ಟಿ ಮ್ಯಾಲಿಂದೆಲ್ಲಾ ಯಾಕ ಕೆಳಗ ಇಳಿಸಿದಿ?”

“ಮತ್ತ ಕುರ್ಚಿ ಎಲ್ಲಿ ಇಡೂದಿತ್ರಿ?”

“ಯಾವ ಕುರ್ಚಿ?”

“ನಿಮ್ಮ ಕುರ್ಚಿ. ಓಣ್ಯಾಗ ಹೋಗಾವರಿಗೆ ಕಾಣ್ಲಿ ಅಂತ ಕಟ್ಟಿ ಖಾಲಿ ಮಾಡೀನಿ.”

ನೋಡಿದೆ. ಕಟ್ಟೆಯನ್ನು ಸಗಣಿಯಿಂದ ನುಣ್ಣಗೆ ಸಾರಿಸಿ, ನಾಲ್ಕು ಕಾಲು ಬರುವ ಕಡೆ ರಂಗೋಲಿಯಲ್ಲಿ ನಾಲ್ಕು ಚುಕ್ಕಿ ಇಟ್ಟಿದ್ದಳು.

ಗುರುಲಿಂಗವ್ವ ನನ್ನ ಹಿಂದಿನ ಓಣಿಯನ್ನು ಇಣುಕಿ ನೋಡಿದಳು. ಬಂಡಿ ಇಲ್ಲ, ಕುರ್ಚಿ ಇಲ್ಲ. “ಬರೂದಿಲ್ಲೇನು?”

“ಇಲ್ಲ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಇರ್ಲಿ ಬಿಡ್ರಿ. ಕಟ್ಟಿ ಮ್ಯಾಲಿದ್ದ ಐದು ಜ್ವಾಳದ ಚೀಲ ಹಿತ್ತಲದಾಗ ಅದಾವ. ಹೊತ್ಗೊಂಡು ಬರ್ರಿ.”

“ಐದೂನೂ?”

“ಹೂಂ. ಅವುಗಳ ಮ್ಯಾಲೆ ಯಾವ ಅಕ್ಷರಾನೂ ಬರದಿಲ್ಲ. ಐದೂ ಒಳಗ ತರೂವ!”